ಮೂರನೆಯ ರೋಲರು

ನಲವತ್ತು ವರ್ಷ ಮೀನು ಅಚ್ಚು ಹಾಕಿದೆ ನಾನು.
ಬಂಗಾರದ ಅಂಚು, ನೀಲಿ ಬಾಲ,
ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಮಿರುಗುವ ಕಣ್ಣು.
ಸೆತೂಬಲ್ ಬಂದರಿನ ಡಬ್ಬಿಗಳೆಲ್ಲ
ನನ್ನ ಕೈ ದಾಟಿಯೇ ಅಂಗಡಿಗೆ ಹೋದದ್ದು.
ಒಳಗಿನ ಸಾರ್ಡೀನಿಗೆ ತಲೆ ಇರುತ್ತಿರಲಿಲ್ಲ,
ಹೊರಗಿನದಕ್ಕೆ ನಾನು ಇಟ್ಟೆ.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.
ಯಂತ್ರದ ಮೈಗೆ ಗುಜರಿಯ ಚೀಟಿ ಅಂಟಿಸಿದ ವಾರವೇ
ಲಿಸ್ಬನ್ನಿನಿಂದ ಮೂವರು ಬಂದು
ಗುಜರಿ ಬೆಲೆಗೇ ಕೊಂಡರು ಅದನ್ನು;
ಜೊತೆಗೆ, ತೂಕಕ್ಕೆ ಹಾಕದೆ, ನನ್ನನ್ನು.
"ದೋನಾ ದಿಯೊಲಿಂದಾ, ಇನ್ನು ನೀವು
ಅಚ್ಚು ಹಾಕುವುದು ಬಿಸಿಲಿನ ಬಲೆ" ಅಂದ ತೆಲ್ಮು,
ಕಿವಿಗೊಂದು ರಿಂಗು, ಉಗುರು ಕಚ್ಚುವ ಚಟ.
ನಾನು ನಗಲಿಲ್ಲ. ಇಂಕು ತೋರಿಸು ಅಂದೆ.

ಇಂಕು ಬದನೆಯ ಸಿಪ್ಪೆಯ ಬಣ್ಣ.
ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನು ಹಾಸಬೇಕು,
ಎಷ್ಟು ತೆಳ್ಳಗೆಂದರೆ,
ಒಂದು ಕೂದಲನ್ನು ಉದ್ದಕ್ಕೆ ನೂರೈವತ್ತು ಸೀಳು ಮಾಡಿ
ಒಂದೇ ಸೀಳನ್ನು ಮಲಗಿಸಿದಷ್ಟು.
ಕೆಳಗೊಂದು ಪದರ, ಮೇಲೊಂದು,
ಕೊನೆಗೆ ಬೆಳ್ಳಿಯ ಗೆರೆ. ದುಬಾರಿಯೆಂದರೆ ಅದೊಂದೇ.
ಅದನ್ನು ಜಿಪುಣರ ಹಾಗೆ ಎಳೆಯುವುದು ಹೇಗೆಂದು
ನಾನೇ ಕಲಿಸಿದೆ ಅವರಿಗೆ.

ಮರಳು ಕರಗಿಸುವ ಕುಲುಮೆ ಬೇಡ.
ನನ್ನ ಅತ್ತೆ ಬ್ರೆಡ್ಡು ಸುಡುತ್ತಿದ್ದ ಒಲೆ
ಇದನ್ನು ಒಣಗಿಸುವ ಒಲೆಗಿಂತ ಬಿಸಿ.
ಮೀಟರಿಗೆ ಎಷ್ಟು ಬೀಳುತ್ತದೆ ಎಂದರೆ
ತೆಲ್ಮು ಬೆರಳು ಮಡಚಿ ಎಣಿಸಿದ:
ಎರಡು ಕಾಫಿ, ಒಂದು ಪೇಸ್ಟ್ರಿ.
ಪೇಸ್ಟ್ರಿ ಬಿಡಿಸಿಬಿಟ್ಟರೆ, ಅಂದ,
ಯಾರ ಮಾಡಿಗೆ ಬೇಕಾದರೂ ಹಾಸಬಹುದು.

ಆದರೆ ಆ ಚಳಿಗಾಲವೆಲ್ಲ ಹೊರಬಂದದ್ದು
ಸತ್ತ ಫಿಲ್ಮು.
ದೀಪದ ಕೆಳಗೆ ಹಿಡಿದರೆ ಮೀಟರಿನ ಮುಳ್ಳು ಮಿಸುಕದು.
ಸಮುದ್ರದ ಗಾಳಿ ಅಂದರು, ತೇವ ಅಂದರು,
ಕಿಟಕಿಯ ಸಂದಿಗೆಲ್ಲ ಟೇಪು ಹಚ್ಚಿದರು,
ಇಂಕನ್ನು ಮೂರು ಸಲ ಸೋಸಿದರು.
ಹಣ ಹಾಕಿದವರ ಫೋನು ಊಟದ ಹೊತ್ತಿಗೇ ಬರತೊಡಗಿತು.
ಎಲ್ಲೋ ಸೂಜಿಮೊನೆಯಷ್ಟು ತೂತು:
ಮೇಲಿನ ಪದರ ಕೆಳಗಿನದನ್ನು ಮುಟ್ಟಿಬಿಟ್ಟರೆ
ಹುಟ್ಟಿದ ಕರೆಂಟೆಲ್ಲ ಅಲ್ಲಲ್ಲೇ ಸೋರಿಹೋಗುತ್ತದೆ,
ಗುಟ್ಟು ನಿಲ್ಲದ ಮನೆಯ ಹಾಗೆ.

ಫೆಬ್ರವರಿಯ ಒಂದು ರಾತ್ರಿ ಎಲ್ಲರೂ ಹೋದ ಮೇಲೆ
ಇಂಕಿಲ್ಲದೆ ಯಂತ್ರ ಓಡಿಸಿ, ಅಂಗೈ ಇಟ್ಟೆ.
ಮೊದಲನೆಯದು ಸರಿ.
ಎರಡನೆಯದು ಸರಿ.
ಮೂರನೆಯದು, ಸುತ್ತಿಗೊಮ್ಮೆ, ಬಿಕ್ಕಿತು.

ಸಾರ್ಡೀನಿನ ಕಾಲದಿಂದಲೂ ಬಿಕ್ಕುತ್ತಿತ್ತು ಅದು.
ನನಗೆ ಗೊತ್ತಿತ್ತು.
ಮೀನಿನ ಹೊಟ್ಟೆಯ ಮೇಲೆ ಒಂದು ಹುರುಪೆ
ಉಳಿದವಕ್ಕಿಂತ ಕಪ್ಪಾಗಿ ಬೀಳುತ್ತಿತ್ತು.
ಯಾರೂ ದೂರಲಿಲ್ಲ. ಡಬ್ಬಿ ಕೊಳ್ಳುವವರು
ಹುರುಪೆ ಎಣಿಸುತ್ತಾರೆಯೇ?

ಬೇರಿಂಗು ಹನ್ನೊಂದು ಯೂರೋ.
ಹೇಳುವುದಕ್ಕೆ ಎರಡು ದಿನ ಹಿಡಿಯಿತು ನನಗೆ.
ತೆಲ್ಮು ಬೈಯಲಿಲ್ಲ, ಉಗುರು ಕಚ್ಚಲಿಲ್ಲ,
ಸ್ಪ್ಯಾನರು ತಂದು ನನ್ನ ಕೈಗೆ ಕೊಟ್ಟ.

ಈಗ ಮೀನು ಪೇಟೆಯ ಚಪ್ಪರದ ಮೇಲೆ
ನಮ್ಮ ಅರವತ್ತು ಮೀಟರು ಬಿದ್ದುಕೊಂಡಿದೆ.
ಜುಲ್ಮೀರಾಳ ಐಸು ಪೆಟ್ಟಿಗೆ ಅದರಿಂದ ಗುಂಯ್ಗುಡುತ್ತದೆ;
ಮೋಡದ ದಿನ ಸುಮ್ಮನಾಗುತ್ತದೆ, ಆಗ ಬೈಗುಳ ನನಗೆ.
ಐದು ವರ್ಷ ಬಾಳಿದರೆ ಪುಣ್ಯ ಅನ್ನುತ್ತಾನೆ ತೆಲ್ಮು.
ನನ್ನ ಲೇಬಲ್ಲು ಬಾಳುತ್ತಿದ್ದದ್ದು
ಡಬ್ಬಿ ತೆರೆಯುವ ತನಕ, ಅಂದೆ.

ಆ ಚಳಿಗಾಲದ ಒಂದು ಸುರುಳಿ ಮನೆಗೆ ತಂದಿದ್ದೇನೆ,
ಅಡುಗೆಮನೆಯ ಕಿಟಕಿಗೆ ಇಳಿಬಿಟ್ಟಿದ್ದೇನೆ.
ಬೆಳಿಗ್ಗೆ ಒಂಬತ್ತಕ್ಕೆ ಮೇಜು, ಚಾಕು, ಈರುಳ್ಳಿ,
ನನ್ನ ಮೊಣಕೈ, ಎಲ್ಲ ನೇರಳೆ.
ದೊಡ್ಡ ತೂತುಗಳು ಬರಿಗಣ್ಣಿಗೇ ಕಾಣುತ್ತವೆ,
ಎರಡು ಗೇಣಿಗೊಂದು, ಎರಡು ಗೇಣಿಗೊಂದು.
ಒಂದರಿಂದ ಇಳಿದ ಬಿಳಿ ಚುಕ್ಕೆ
ಇವತ್ತು, ಉಪ್ಪು ಸವರಿಟ್ಟ ಮೀನಿನ ಹೊಟ್ಟೆಯ ಮೇಲೆ
ಸ್ವಲ್ಪ ಹೊತ್ತು ನಿಂತಿತ್ತು.